ನಮ್ಮ ಶಾಲೆಯ ಸೂಕ್ಷ್ಮದರ್ಶಕ

ಮಕ್ಕಳೇ, ನಿಮ್ಮ ಶಾಲೆಯ ವಿಜ್ಞಾನ ಕಪಾಟನ್ನು ಒಮ್ಮೆ ನೆನಪಿಸಿಕೊಳ್ಳಿರಿ. ಗಾಜಿನ ಕೊಳವೆಗಳು, ಅಯಸ್ಕಾಂತಗಳು, ಸ್ಪಿರಿಟ್ ದೀಪ ಇವುಗಳ ನಡುವೆ ಒಂದು ಮರದ ಪೆಟ್ಟಿಗೆ ಇರಬಹುದು. ಅದರೊಳಗೆ ಬಾಗಿದ ಕತ್ತಿನ, ಭಾರವಾದ ಪಾದದ ಒಂದು ಉಪಕರಣ ನಿಂತಿರುತ್ತದೆ. ಅದೇ ಸೂಕ್ಷ್ಮದರ್ಶಕ. ಬರಿಗಣ್ಣಿಗೆ ಕಾಣದಷ್ಟು ಸಣ್ಣ ವಸ್ತುಗಳನ್ನು ಅದು ದೊಡ್ಡದು ಮಾಡಿ ತೋರಿಸುತ್ತದೆ.

ನಾನು ಏಳನೆಯ ತರಗತಿಯಲ್ಲಿದ್ದಾಗ ನಮ್ಮ ಶಾಲೆಯಲ್ಲಿಯೂ ಇಂತಹ ಒಂದು ಪೆಟ್ಟಿಗೆ ಇತ್ತು. ಇಡೀ ಶಾಲೆಗೆ ಒಂದೇ ಸೂಕ್ಷ್ಮದರ್ಶಕ. ಒಂದು ದಿನ ಮಾಸ್ತರರು ನೀರುಳ್ಳಿಯ ಸಿಪ್ಪೆಯನ್ನು ಅದರಡಿಯಲ್ಲಿಟ್ಟು, ಸಾಲಾಗಿ ಬಂದು ನೋಡಲು ಹೇಳಿದರು. ನನ್ನ ಸರದಿ ಬಂದಾಗ ಎಲ್ಲವೂ ಮಸುಕಾಗಿ ಕಂಡಿತು. ಅವಸರದಲ್ಲಿ ದೊಡ್ಡ ತಿರುಪನ್ನು ಹಿಡಿದು ತಿರುಗಿಸಿದೆ. ಕಣ್ಣು ಮೇಲೆ, ಕೈ ತಿರುಪಿನ ಮೇಲೆ. ಕೊಳವೆ ಇಳಿಯುತ್ತಿದೆ ಎಂದು ನನಗೆ ತಿಳಿಯಲೇ ಇಲ್ಲ. "ಕಿರ್" ಎಂದು ಸದ್ದಾಯಿತು. ಕೆಳಗಿನ ಗಾಜು ಒಡೆದು, ಮಸೂರಕ್ಕೆ ಗೀರು ಬಿದ್ದಿತ್ತು. ಮಾಸ್ತರರು ಹೊಡೆಯಲಿಲ್ಲ, ಬೈಯಲೂ ಇಲ್ಲ. "ಇನ್ನೊಮ್ಮೆ ನೋಡು ಮಗಾ" ಎಂದರು. ನೋಡಿದೆ. ಮಂಜು ಕವಿದಂತಿತ್ತು. ನನ್ನ ಹಿಂದೆ ಇನ್ನೂ ಹದಿನೆಂಟು ಮಂದಿ ನಿಂತಿದ್ದರು. ಆ ವರ್ಷ ಅವರಾರೂ ಆ ಮಸೂರದಲ್ಲಿ ಏನನ್ನೂ ಸರಿಯಾಗಿ ನೋಡಲಿಲ್ಲ.

ಹಾಗಾಗಿ ಪೆಟ್ಟಿಗೆ ತೆರೆಯುವ ಮೊದಲು ಈ ಪಾಠವನ್ನು ಒಮ್ಮೆ ಪೂರ್ತಿ ಓದಿರಿ.

ಎತ್ತುವುದು ಹೇಗೆ?

ಸೂಕ್ಷ್ಮದರ್ಶಕವನ್ನು ಎರಡು ಕೈಗಳಿಂದ ಎತ್ತಬೇಕು. ಒಂದು ಕೈ ಅದರ ಬಾಗಿದ ತೋಳನ್ನು ಹಿಡಿಯಲಿ, ಇನ್ನೊಂದು ಕೈ ಪಾದದ ಅಡಿಯಲ್ಲಿರಲಿ. ನೆಟ್ಟಗೆ ಹಿಡಿದು ನಡೆಯಿರಿ. ಓರೆ ಮಾಡಿದರೆ ಮೇಲಿನ ನೇತ್ರಮಸೂರ ಜಾರಿ ಬೀಳಬಹುದು. ಎಷ್ಟೋ ಸೂಕ್ಷ್ಮದರ್ಶಕಗಳಲ್ಲಿ ಅದು ಸುಮ್ಮನೆ ಕೊಳವೆಯೊಳಗೆ ಕುಳಿತಿರುತ್ತದೆ ಅಷ್ಟೆ. ಮೇಜಿನ ಅಂಚಿನಿಂದ ಒಂದು ಗೇಣು ಒಳಗೆ, ಅಲುಗಾಡದ ಜಾಗದಲ್ಲಿ ಇಡಿರಿ. ಕಾಲು ಕುಂಟುವ ಮೇಜು ಬೇಡ.

ಈಗ ಅದರ ಭಾಗಗಳನ್ನು ಗುರುತಿಸೋಣ. ಕಣ್ಣಿಟ್ಟು ನೋಡುವ ಮೇಲಿನ ಮಸೂರವೇ ನೇತ್ರಮಸೂರ. ಕೊಳವೆಯ ಕೆಳತುದಿಯಲ್ಲಿ, ವಸ್ತುವಿಗೆ ಹತ್ತಿರವಾಗಿ ಎರಡೋ ಮೂರೋ ವಸ್ತುಮಸೂರಗಳಿರುತ್ತವೆ. ಅವುಗಳಲ್ಲಿ ಗಿಡ್ಡದ್ದು ಕಡಿಮೆ ಹಿಗ್ಗಿಸುತ್ತದೆ, ಉದ್ದದ್ದು ಹೆಚ್ಚು ಹಿಗ್ಗಿಸುತ್ತದೆ. ಅವುಗಳ ಕೆಳಗೆ ನಡುವೆ ತೂತುಳ್ಳ ವೇದಿಕೆ, ಅದರ ಮೇಲೆ ಎರಡು ಕ್ಲಿಪ್ಪುಗಳು, ಎಲ್ಲಕ್ಕಿಂತ ಕೆಳಗೆ ಕನ್ನಡಿ. ಪಕ್ಕದಲ್ಲಿ ಒಂದು ದೊಡ್ಡ ತಿರುಪು, ಒಂದು ಸಣ್ಣ ತಿರುಪು.

ಮಸೂರಗಳ ಮೇಲೆ ಅಂಕಿಗಳನ್ನು ಬರೆದಿರುತ್ತಾರೆ. ನೇತ್ರಮಸೂರದ ಮೇಲೆ 10, ವಸ್ತುಮಸೂರದ ಮೇಲೆ 10 ಎಂದಿದ್ದರೆ ಎರಡನ್ನೂ ಗುಣಿಸಿರಿ. ವಸ್ತು 100 ಪಟ್ಟು ದೊಡ್ಡದಾಗಿ ಕಾಣುತ್ತದೆ. ವಸ್ತುಮಸೂರ 40 ಆದರೆ 400 ಪಟ್ಟು.

ಬೆಳಕು ಬೇಕು, ಬಿಸಿಲು ಬೇಡ

ಭೂತಕನ್ನಡಿಯಿಂದ ಬಿಸಿಲನ್ನು ಒಂದೇ ಚುಕ್ಕೆಗೆ ಸೇರಿಸಿ ಒಣಗಿದ ಎಲೆಯನ್ನು ಸುಟ್ಟದ್ದು ನಿಮಗೆ ನೆನಪಿದೆಯೇ? ಸೂಕ್ಷ್ಮದರ್ಶಕದಲ್ಲಿಯೂ ಮಸೂರಗಳಿವೆ. ಕೆಳಗಿನ ಕನ್ನಡಿಯನ್ನು ಸೂರ್ಯನ ಕಡೆಗೆ ತಿರುಗಿಸಿದರೆ ಆ ಬಿಸಿಲೆಲ್ಲ ಕೊಳವೆಯೊಳಗೆ ಏರಿ ಬಂದು ನಿಮ್ಮ ಕಣ್ಣನ್ನು ಸೇರುತ್ತದೆ. ಕಣ್ಣಿನ ಹಿಂಭಾಗದಲ್ಲಿ ದೃಷ್ಟಿಗೆ ಆಧಾರವಾದ ತೆಳುವಾದ ಪರದೆಯಿದೆ. ಅದು ಸುಟ್ಟರೆ ನೋವು ತಿಳಿಯುವುದಿಲ್ಲ, ಹೋದ ದೃಷ್ಟಿ ಮರಳಿ ಬರುತ್ತದೆ ಎಂಬ ಭರವಸೆಯೂ ಇಲ್ಲ. ಈ ಪಾಠದಲ್ಲಿ ಬೇರೆ ಯಾವುದನ್ನು ಮರೆತರೂ ಇದನ್ನು ಮರೆಯಬೇಡಿರಿ.

ಹಾಗಾದರೆ ಬೆಳಕು ಎಲ್ಲಿಂದ? ನೇರ ಬಿಸಿಲು ಬೀಳದ ಕಿಟಕಿಯ ಬಳಿ ಮೇಜನ್ನು ಹಾಕಿರಿ. ಬೆಳಿಗ್ಗೆ ಪೂರ್ವದ ಕಿಟಕಿಯೂ ಸಂಜೆ ಪಶ್ಚಿಮದ ಕಿಟಕಿಯೂ ಬೇಡ. ಕನ್ನಡಿಯನ್ನು ಬಿಳಿಮೋಡದ ಕಡೆಗೋ ಎದುರಿನ ಸುಣ್ಣದ ಗೋಡೆಯ ಕಡೆಗೋ ತಿರುಗಿಸಿರಿ. ಟ್ಯೂಬ್‌ಲೈಟಿನ ಬೆಳಕೂ ಆಗುತ್ತದೆ. ಕನ್ನಡಿಗೆ ಎರಡು ಮುಖಗಳಿದ್ದರೆ, ಬೆಳಕು ಸಾಲದಿದ್ದಾಗ ಒಳಬಾಗಿದ ಮುಖವನ್ನು ಬಳಸಿರಿ. ಇನ್ನೊಂದು ಮಾತು. ಪಾಠ ನಡೆಯುತ್ತಿರುವಾಗಲೇ ಬಿಸಿಲು ನೆಲದ ಮೇಲೆ ಸರಿಯುತ್ತಾ ಬರುತ್ತದೆ. ಹತ್ತು ಗಂಟೆಗೆ ನೆರಳಿದ್ದ ಮೇಜಿಗೆ ಹನ್ನೊಂದು ಗಂಟೆಗೆ ಬಿಸಿಲು ಬಂದಿರಬಹುದು. ಒಬ್ಬರು ಅದರ ಮೇಲೆ ಕಣ್ಣಿಟ್ಟಿರಲಿ.

ಗಿಡ್ಡ ವಸ್ತುಮಸೂರವನ್ನು ವೇದಿಕೆಯ ತೂತಿನ ನೇರಕ್ಕೆ ತನ್ನಿರಿ. "ಟಿಕ್" ಎಂದು ಕುಳಿತುಕೊಳ್ಳುತ್ತದೆ. ನೇತ್ರಮಸೂರದಲ್ಲಿ ನೋಡುತ್ತಾ ಕನ್ನಡಿಯನ್ನು ಮೆಲ್ಲನೆ ಆಡಿಸಿರಿ. ಬೆಳಗಿದ ದುಂಡು ತಟ್ಟೆಯೊಂದು ಕಂಡರೆ ಬೆಳಕು ಸರಿಯಾಗಿದೆ ಎಂದರ್ಥ. ಇನ್ನೊಂದು ಕಣ್ಣನ್ನು ಮುಚ್ಚಬೇಡಿರಿ. ಮೊದಲಿಗೆ ಕಷ್ಟವೆನಿಸಿದರೂ ಎರಡೂ ಕಣ್ಣುಗಳನ್ನು ತೆರೆದು ನೋಡಿದರೆ ಆಯಾಸವಾಗುವುದಿಲ್ಲ. ಕೆಂಗಣ್ಣು ಬಂದವರು ಮಾತ್ರ ಅದು ವಾಸಿಯಾಗುವವರೆಗೆ ತಮ್ಮ ಸರದಿಯನ್ನು ಬಿಟ್ಟುಕೊಡಲಿ.

ಇಳಿಸುವಾಗ ಪಕ್ಕದಿಂದ, ಏರಿಸುವಾಗ ಮೇಲಿನಿಂದ

ಮೊದಲು ಹಳೆಯ ದಿನಪತ್ರಿಕೆಯಿಂದ ಅತಿ ಸಣ್ಣ ಅಕ್ಷರವೊಂದನ್ನು ಕತ್ತರಿಸಿ ಗಾಜಿನ ಸ್ಲೈಡಿನ ಮೇಲೆ ಇಡಿರಿ. ಅದು ಹಾರದಂತೆ ಒಂದು ಹನಿ ನೀರು ಹಾಕಿರಿ. ಸ್ಲೈಡನ್ನು ವೇದಿಕೆಯ ಮೇಲಿಟ್ಟು ಕ್ಲಿಪ್ಪು ಹಾಕಿರಿ. ಸ್ಲೈಡಿನ ಅಂಚು ಹರಿತ, ಬದಿಗಳಲ್ಲಿ ಮಾತ್ರ ಹಿಡಿಯಿರಿ.

ಈಗ ನಾನು ತಪ್ಪಿದ ಹೆಜ್ಜೆ. ನೇತ್ರಮಸೂರದಿಂದ ಕಣ್ಣನ್ನು ತೆಗೆಯಿರಿ. ತಲೆ ಬಗ್ಗಿಸಿ ವೇದಿಕೆಯನ್ನು ಪಕ್ಕದಿಂದ ನೋಡಿರಿ. ಹಾಗೆ ನೋಡುತ್ತಲೇ ದೊಡ್ಡ ತಿರುಪನ್ನು ತಿರುಗಿಸಿ, ಮಸೂರ ಮತ್ತು ಸ್ಲೈಡಿನ ನಡುವೆ ಅರ್ಧ ಅಕ್ಕಿಕಾಳಿನಷ್ಟು ಎಡೆ ಉಳಿಯುವಂತೆ ಇಳಿಸಿರಿ. ಗಾಜಿಗೆ ಮಸೂರ ಮುಟ್ಟಬಾರದು. ಇಷ್ಟಾದ ಮೇಲೆ ಕಣ್ಣಿಟ್ಟು ನೋಡುತ್ತಾ ತಿರುಪನ್ನು ವಿರುದ್ಧ ದಿಕ್ಕಿಗೆ, ಮಸೂರ ಮೇಲೇರುವಂತೆ, ನಿಧಾನವಾಗಿ ತಿರುಗಿಸಿರಿ. ಮಸುಕಿನಿಂದ ಅಕ್ಷರ ಮೂಡಿ ಬರುತ್ತದೆ. ಸಣ್ಣ ತಿರುಪನ್ನು ಕೂದಲೆಳೆಯಷ್ಟು ಆಡಿಸಿದರೆ ಸ್ಪಷ್ಟವಾಗುತ್ತದೆ. ಏನೂ ಕಾಣದಿದ್ದರೆ ಗಾಬರಿ ಬೇಡ. ಮತ್ತೆ ಪಕ್ಕದಿಂದ ನೋಡುತ್ತಾ ಇಳಿಸಿ, ಮತ್ತೆ ಮೇಲಿನಿಂದ ನೋಡುತ್ತಾ ಏರಿಸಿರಿ. ಕಣ್ಣಿಟ್ಟುಕೊಂಡು ಇಳಿಸುವುದು ಮಾತ್ರ ಯಾವತ್ತೂ ಬೇಡ.

ಕೆಲವು ಸೂಕ್ಷ್ಮದರ್ಶಕಗಳಲ್ಲಿ ಕೊಳವೆಯ ಬದಲು ವೇದಿಕೆಯೇ ಏರಿಳಿಯುತ್ತದೆ. ನಿಮ್ಮದು ಯಾವ ಬಗೆ? ಸ್ಲೈಡ್ ಇಡುವ ಮೊದಲೇ ತಿರುಗಿಸಿ ತಿಳಿದುಕೊಳ್ಳಿರಿ.

ಅಕ್ಷರ ಹೇಗೆ ಕಾಣಿಸಿತು? ತಲೆಕೆಳಗಾಗಿದೆಯಲ್ಲವೇ? ಎಡಭಾಗ ಬಲಕ್ಕೆ, ಬಲಭಾಗ ಎಡಕ್ಕೆ ಹೋಗಿದೆ. ಸ್ಲೈಡನ್ನು ಬಲಕ್ಕೆ ತಳ್ಳಿರಿ, ಬಿಂಬ ಎಡಕ್ಕೆ ಓಡುತ್ತದೆ. ಇದಕ್ಕೆ ಕೈ ಒಗ್ಗಲು ಎರಡು ಮೂರು ದಿನ ಬೇಕು. ಮುಂದೆ ನೀರಿನಲ್ಲಿ ಓಡಾಡುವ ಜೀವಿಯನ್ನು ಹಿಂಬಾಲಿಸುವಾಗ ಈ ಅಭ್ಯಾಸ ಉಪಯೋಗಕ್ಕೆ ಬರುತ್ತದೆ.

ನೀರುಳ್ಳಿಯ ಕೋಣೆಗಳು

ನೀರುಳ್ಳಿಯನ್ನು ಟೀಚರ್ ಕತ್ತರಿಸಿ ಕೊಡಲಿ. ದಪ್ಪಗಿನ ಎಸಳಿನ ಒಳಮೈಯಿಂದ ಚಿಮಟದಲ್ಲಿ ತೆಳುವಾದ ಪೊರೆಯನ್ನು ಎಳೆದರೆ ಬಾಳೆಯ ನಾರಿಗಿಂತಲೂ ನವಿರಾಗಿ ಕಳಚಿ ಬರುತ್ತದೆ. ಕಡಲೆಕಾಳಿನಷ್ಟು ಅಗಲದ ತುಂಡು ಸಾಕು. ಸ್ಲೈಡಿನ ಮೇಲೆ ಒಂದು ಹನಿ ನೀರಿನಲ್ಲಿ ಅದನ್ನು ಮಡಿಕೆ ಬೀಳದಂತೆ ಹರಡಿರಿ. ಒಂದು ಹನಿ ಅಯೋಡಿನ್ ದ್ರಾವಣವನ್ನು ಸೇರಿಸಿರಿ. ಅಯೋಡಿನ್ ಬಟ್ಟೆಗೆ ಬಿದ್ದರೆ ಕಲೆ ಸುಲಭದಲ್ಲಿ ಹೋಗದು, ಬಾಯಿಗೆ ಕಣ್ಣಿಗೆ ತಾಗಬಾರದು.

ಅದರ ಮೇಲೆ ಕವರ್ ಸ್ಲಿಪ್ ಇಡಬೇಕು. ಇದು ಬಹಳ ತೆಳುವಾದ ಗಾಜು. ಒಂದು ಅಂಚನ್ನು ಮೊದಲು ನೀರಿಗೆ ತಾಗಿಸಿ, ಸೂಜಿಯ ಆಧಾರದಲ್ಲಿ ಓರೆಯಾಗಿ ಮೆಲ್ಲನೆ ಮಲಗಿಸಿರಿ. ಥಟ್ಟನೆ ಬಿಟ್ಟರೆ ಗಾಳಿಗುಳ್ಳೆಗಳು ಸಿಕ್ಕಿಕೊಳ್ಳುತ್ತವೆ. ಹೆಚ್ಚಾದ ನೀರನ್ನು ಹೀರುಕಾಗದದಿಂದ ತೆಗೆಯಿರಿ. ಕವರ್ ಸ್ಲಿಪ್ ಒಡೆದರೆ ಚೂರನ್ನು ಬೆರಳಿನಿಂದ ಹೆಕ್ಕಬೇಡಿರಿ, ಊದಲೂ ಬೇಡಿರಿ. ಟೀಚರಿಗೆ ಹೇಳಿರಿ. ಒದ್ದೆ ಕಾಗದದಿಂದ ಒತ್ತಿ ತೆಗೆದು, ಬೇರೆಯೇ ಕಟ್ಟಿ ಎಸೆಯಬೇಕು.

ಈಗ ನೋಡಿರಿ. ಇಟ್ಟಿಗೆ ಜೋಡಿಸಿದಂತೆ ಉದ್ದುದ್ದ ಕೋಣೆಗಳ ಸಾಲು! ಅವೇ ಜೀವಕೋಶಗಳು. ಪ್ರತಿಯೊಂದರ ಒಳಗೆ ಅಯೋಡಿನ್ ಹೀರಿ ಕಂದಾದ ಒಂದು ಚುಕ್ಕೆಯಿದೆ. ಅದು ಕೋಶಕೇಂದ್ರ. ಇಂಗ್ಲೆಂಡಿನ ರಾಬರ್ಟ್ ಹುಕ್ ಎಂಬ ವಿಜ್ಞಾನಿ ಬಿರಡೆಯ ತೆಳುವಾದ ಚೂರನ್ನು ಹೀಗೆಯೇ ನೋಡಿ, ಅದರಲ್ಲಿ ಕಂಡ ಗೂಡುಗಳಿಗೆ 'ಸೆಲ್' ಎಂದರೆ ಸಣ್ಣ ಕೋಣೆ ಎಂದು ಹೆಸರಿಟ್ಟನು. 1665ರಲ್ಲಿ ಅವನು ಪ್ರಕಟಿಸಿದ ಪುಸ್ತಕದಲ್ಲಿ ಅದರ ಚಿತ್ರವಿದೆ.

ಇನ್ನೂ ಹತ್ತಿರದಿಂದ ನೋಡುವ ಆಸೆಯೇ? ನೋಡಬೇಕಾದ ಕೋಶವನ್ನು ನಡುವಿಗೆ ತಂದು, ಪಕ್ಕದಿಂದ ನೋಡುತ್ತಾ ಉದ್ದದ ವಸ್ತುಮಸೂರವನ್ನು ತಿರುಗಿಸಿ ತನ್ನಿರಿ. ಆಗ ಮಸೂರಕ್ಕೂ ಗಾಜಿಗೂ ನಡುವೆ ಉಗುರಿನ ದಪ್ಪದಷ್ಟು ಮಾತ್ರ ಎಡೆ ಇರುತ್ತದೆ. ಇನ್ನು ಮೇಲೆ ದೊಡ್ಡ ತಿರುಪನ್ನು ಮುಟ್ಟಲೇಬಾರದು. ಸಣ್ಣ ತಿರುಪು ಮಾತ್ರ.

ನೋಡಿದ್ದನ್ನು ಪೆನ್ಸಿಲಿನಿಂದ ಚಿತ್ರಿಸಿರಿ. ನನ್ನ ತರಗತಿಯ ಹುಡುಗಿಯೊಬ್ಬಳು ಒಮ್ಮೆ ಅಂದವಾದ ಚಿತ್ರ ಬರೆದು ತಂದಳು. ಕೋಶಗಳ ನಡುವೆ ದಪ್ಪ ಕಪ್ಪಂಚಿನ ಮೂರು ಉಂಗುರಗಳು, ಮೂಲೆಯಲ್ಲಿ ಒಂದು ಬಾಗಿದ ಗೆರೆ. "ಇದೇನಮ್ಮಾ?" ಎಂದೆ. "ಅಲ್ಲಿ ಇತ್ತು ಸಾರ್, ಬರೆದೆ" ಎಂದಳು. ಅವಳು ಸುಳ್ಳು ಹೇಳಲಿಲ್ಲ. ಉಂಗುರಗಳು ಗಾಳಿಗುಳ್ಳೆಗಳು. ಗೆರೆ? ನೇತ್ರಮಸೂರವನ್ನು ಅದರ ಜಾಗದಲ್ಲೇ ತಿರುಗಿಸಿ ನೋಡಿದೆವು. ಗೆರೆಯೂ ಜೊತೆಯಲ್ಲಿ ತಿರುಗಿತು! ಯಾರದೋ ರೆಪ್ಪೆಗೂದಲು ನೇತ್ರಮಸೂರಕ್ಕೆ ಅಂಟಿತ್ತು. ಸ್ಲೈಡನ್ನು ಸರಿಸಿದಾಗ ಕಲೆಯೂ ಸರಿದರೆ ಅದು ಸ್ಲೈಡಿನಲ್ಲಿದೆ. ಎರಡಕ್ಕೂ ಅಲುಗದಿದ್ದರೆ ವಸ್ತುಮಸೂರವನ್ನೋ ಕನ್ನಡಿಯನ್ನೋ ಸಂಶಯಿಸಬೇಕು. ನಿಮ್ಮ ಚಿತ್ರದಲ್ಲಿ ವಿಚಿತ್ರವಾದುದೇನಾದರೂ ಇದ್ದರೆ ಹೀಗೆ ಪರೀಕ್ಷಿಸಿರಿ.

ಒಂದು ಹನಿ ನೀರು

ಹಾಲೆಂಡಿನ ಡೆಲ್ಫ್ಟ್ ಪಟ್ಟಣದಲ್ಲಿ ಲೇವನ್‌ಹುಕ್ ಎಂಬ ಬಟ್ಟೆ ವ್ಯಾಪಾರಿಯಿದ್ದನು. ಅವನು ತಾನೇ ಉಜ್ಜಿ ತಯಾರಿಸಿದ ಒಂದೇ ಒಂದು ಪುಟ್ಟ ಮಸೂರದಲ್ಲಿ ಕೆರೆಯ ನೀರನ್ನು ನೋಡಿ, ಅದರಲ್ಲಿ ಈಜುವ ಜೀವಿಗಳನ್ನು 1670ರ ದಶಕದಲ್ಲಿ ಜಗತ್ತಿಗೆ ತಿಳಿಸಿದನು. ನೀವೂ ನೋಡಬಹುದು. ಆದರೆ ನೀರಿಗಾಗಿ ಕೆರೆಗೋ ಮದಕಕ್ಕೋ ಒಬ್ಬರೇ ಹೋಗಬೇಡಿರಿ. ಮಳೆಗಾಲದಲ್ಲಿ ಅವುಗಳ ಅಂಚು ಜಾರುತ್ತದೆ, ಆಳ ತಿಳಿಯುವುದಿಲ್ಲ. ದೊಡ್ಡವರು ತಂದ ಒಂದು ಲೋಟ ಕೆರೆನೀರಿಗೆ ಹಿಡಿಯಷ್ಟು ಒಣಹುಲ್ಲು ಹಾಕಿ ಮೂರು ನಾಲ್ಕು ದಿನ ಮೂಲೆಯಲ್ಲಿಡಿರಿ. ಆಮೇಲೆ ಮೇಲ್ಭಾಗದ ಒಂದು ಹನಿಯನ್ನು ನೋಡಿರಿ. ಚಪ್ಪಲಿಯ ಅಟ್ಟೆಯ ಆಕಾರದ ಪ್ಯಾರಮೀಸಿಯಮ್ ಓಡಾಡುತ್ತಿದ್ದರೆ ನಿಮ್ಮ ಅದೃಷ್ಟ. ಹಸಿರು ಪಾಚಿಯ ಎಳೆ ಇದ್ದರಂತೂ ಬಿಡಿಸಿದಷ್ಟೂ ಮುಗಿಯದ ಚಿತ್ರ. ಕೆಲಸ ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆಯಿರಿ.

ನಮ್ಮ ಕಾಸರಗೋಡಿನ ಗುಡ್ಡಗಳಲ್ಲಿ ಸುರಂಗಗಳಿವೆ. ಸುರಂಗದ ತಿಳಿನೀರಿನ ಹನಿಯನ್ನೂ ಇಟ್ಟು ನೋಡಿರಿ. ಬಹುಶಃ ಏನೂ ಕಾಣದು. ಹಾಗೆಂದು ಆ ನೀರನ್ನು ಕುದಿಸದೆ ಕುಡಿಯಬಹುದೇ? ಇಲ್ಲ. ರೋಗ ತರುವ ಹಲವು ಬ್ಯಾಕ್ಟೀರಿಯಾಗಳ ಗಾತ್ರ ಮಿಲಿಮೀಟರಿನ ಸಾವಿರದಲ್ಲಿ ಒಂದೆರಡು ಭಾಗ ಮಾತ್ರ. 100 ಪಟ್ಟು ಹಿಗ್ಗಿಸಿದರೂ ಅವು ನಿಮ್ಮ ಕಣ್ಣನ್ನು ತಪ್ಪಿಸಿಕೊಳ್ಳುತ್ತವೆ.

ಮತ್ತೆ ಪೆಟ್ಟಿಗೆಗೆ

ಕೊಳವೆಯನ್ನು ಮೇಲೇರಿಸಿ, ಸ್ಲೈಡನ್ನು ತೆಗೆದು, ಗಿಡ್ಡ ಮಸೂರವನ್ನು ನಡುವಿಗೆ ತಂದಿಡಿರಿ. ವೇದಿಕೆ ಒದ್ದೆಯಾಗಿದ್ದರೆ ಒರೆಸಿರಿ. ಮಸೂರವನ್ನು ಅಂಗಿಯ ತುದಿಯಿಂದಲೋ ಸೀರೆಯ ಸೆರಗಿನಿಂದಲೋ ಒರೆಸಬಾರದು. ಬಟ್ಟೆಯಲ್ಲಿರುವ ಮಣ್ಣಿನ ಕಣ ಮಸೂರವನ್ನು ಗೀರುತ್ತದೆ. ಮಸೂರ ಒರೆಸುವುದಕ್ಕೆಂದೇ ಬರುವ ಕಾಗದದಿಂದ ಟೀಚರ್ ಒರೆಸಲಿ. ಮಸೂರವನ್ನು ಬಿಚ್ಚಿ ನೋಡುವ ಕುತೂಹಲ ನನಗೂ ಇತ್ತು. ಬಿಚ್ಚುವುದು ಸುಲಭ, ಜೋಡಿಸುವುದು ಅಲ್ಲ.

ನಮ್ಮ ಕರಾವಳಿಯ ಸೂಕ್ಷ್ಮದರ್ಶಕಗಳಿಗೆ ಇನ್ನೊಂದು ಶತ್ರುವಿದೆ. ಜೂನ್ ತಿಂಗಳಲ್ಲಿ ಮಳೆ ಹಿಡಿದರೆ ಚಪ್ಪಲಿಗೆ, ಪುಸ್ತಕಕ್ಕೆ, ಹಪ್ಪಳಕ್ಕೆ ಬೂಸ್ಟು ಬರುವುದನ್ನು ನೀವು ನೋಡಿದ್ದೀರಿ. ಮಸೂರದ ಮೇಲೂ ಅದು ಬೆಳೆಯುತ್ತದೆ, ಜೇಡರ ಬಲೆಯಂತೆ ಹಬ್ಬಿ ಗಾಜನ್ನೇ ಕೆಡಿಸುತ್ತದೆ. ಆದ್ದರಿಂದ ಒದ್ದೆ ಉಪಕರಣವನ್ನು ಪೆಟ್ಟಿಗೆಯಲ್ಲಿ ಮುಚ್ಚಿಡಬಾರದು. ಪೆಟ್ಟಿಗೆಯೊಳಗೆ ತೇವ ಹೀರುವ ಸಿಲಿಕಾ ಜೆಲ್ಲಿನ ಪೊಟ್ಟಣಗಳನ್ನು ಇಡುವುದು ಒಳ್ಳೆಯದು. ಹೊಸ ಚೀಲ, ಬೂಟುಗಳ ಜೊತೆ ಬರುವ ಇಂತಹ ಪೊಟ್ಟಣಗಳನ್ನು ಎಸೆಯದೆ ಟೀಚರಿಗೆ ತಂದು ಕೊಡಿರಿ. ಒಳಗಿನ ಹರಳುಗಳನ್ನು ಬಾಯಿಗೆ ಹಾಕಬಾರದು. ಮಳೆಗಾಲವೆಂದು ಪೆಟ್ಟಿಗೆಯನ್ನು ನಾಲ್ಕು ತಿಂಗಳು ಮುಚ್ಚಿಡುವ ಶಾಲೆಗಳಲ್ಲಿಯೇ ಮಸೂರಗಳು ಬೇಗ ಹಾಳಾದುದನ್ನು ನಾನು ಕಂಡಿದ್ದೇನೆ. ವಾರಕ್ಕೊಮ್ಮೆ ಹೊರತೆಗೆದು, ಗಾಳಿಯಾಡಿಸಿ, ಏನನ್ನಾದರೂ ಇಟ್ಟು ನೋಡಿರಿ. ಮಳೆಗಾಲದಲ್ಲಿ ನೋಡಲು ವಸ್ತುಗಳಿಗೆ ಬರವೇ? ಆ ಬೂಸ್ಟನ್ನೇ ಚಪ್ಪಲಿಯಿಂದ ಸೂಜಿಮೊನೆಯಷ್ಟು ತೆಗೆದು, ಒಂದು ಹನಿ ನೀರಿನಲ್ಲಿ, ಕವರ್ ಸ್ಲಿಪ್ ಮುಚ್ಚಿ ಇಟ್ಟು ನೋಡಿರಿ.

ಅಭ್ಯಾಸ

1. ವಸ್ತುಮಸೂರವನ್ನು ಇಳಿಸುವಾಗ ಪಕ್ಕದಿಂದ ಏಕೆ ನೋಡಬೇಕು?
2. ನೇತ್ರಮಸೂರದ ಮೇಲೆ 15, ವಸ್ತುಮಸೂರದ ಮೇಲೆ 10 ಎಂದಿದೆ. ವಸ್ತು ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ?
3. ನಿಮ್ಮ ತರಗತಿಯ ಯಾವ ಕಿಟಕಿಯ ಬಳಿ, ಯಾವ ಹೊತ್ತಿನಲ್ಲಿ ಸೂಕ್ಷ್ಮದರ್ಶಕವನ್ನು ಇಡಬಹುದು? ಒಂದು ದಿನವಿಡೀ ಬಿಸಿಲನ್ನು ಗಮನಿಸಿ ಬರೆಯಿರಿ.
4. ದಾಸವಾಳದ ಪರಾಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಚಿತ್ರ ಬರೆಯಿರಿ. ಚಿತ್ರದಲ್ಲಿ ಗಾಳಿಗುಳ್ಳೆಗಳಿದ್ದರೆ ಅವುಗಳನ್ನು ಗುರುತಿಸಿರಿ.