ಹಳೆಯ ರೇಸ್ ಸೈಕಲ್ ಮೈಗೆ ಹೊಂದಿಸುವವರ ಗಮನಕ್ಕೆ

ಬಾಗಿದ ಹ್ಯಾಂಡಲ್‌ನ ಹಳೆಯ ಉಕ್ಕಿನ ಸೈಕಲನ್ನು ಅಟ್ಟದಿಂದ ಇಳಿಸಿದವರು, ಸೆಕೆಂಡ್‌ಹ್ಯಾಂಡಿನಲ್ಲಿ ಕೊಂಡವರು ಇದನ್ನು ಓದಿಯೇ ಪಾನಾ ಕೈಗೆತ್ತಿಕೊಳ್ಳಿ. ಬೆನ್ನು ಬಗ್ಗಿಸಿ ಓಡಿಸುವ ಪಂದ್ಯದ ಸವಾರನಿಗಾಗಿ ಕಟ್ಟಿದ ಗಾಡಿ ಅದು. ದಿನಾ ಹತ್ತಿಪ್ಪತ್ತು ಕಿಲೋಮೀಟರ್ ಹೋಗಿಬರುವವರಿಗೆ ಕೈ ಜೋಮು ಹಿಡಿದರೆ, ಮಂಡಿ ನೊಂದರೆ, ಮೊದಲು ಅಳತೆ ನೋಡಬೇಕು. ಕ್ರಮ ತಪ್ಪಬಾರದು: ಮೊದಲು ಸೀಟು, ಆಮೇಲೆ ಹ್ಯಾಂಡಲ್, ಕೊನೆಗೆ ಟೈರು.

ಮಾಡಬೇಕಾದ್ದು

1. ಬಿಚ್ಚುವ ಮೊದಲೇ ಸೀಟಿನ ಕಂಬಕ್ಕೂ ಹ್ಯಾಂಡಲ್ ಕಂಬಕ್ಕೂ ಈಗಿರುವ ಮಟ್ಟದಲ್ಲಿ ಟೇಪು ಸುತ್ತಿ. ಅಳತೆ ಬರೆದಿಡಿ.

2. ಸೀಟಿನ ಎತ್ತರವನ್ನು ಕಾಲಿನಿಂದ ಲೆಕ್ಕ ಹಾಕಿ. ಬರಿಗಾಲಲ್ಲಿ ಗೋಡೆಗೊರಗಿ ನಿಂತು, ಕಾಲುಗಳ ಸಂದಿಯಲ್ಲಿ ಒಂದು ಪುಸ್ತಕವನ್ನು ಮೇಲಕ್ಕೆ ಒತ್ತಿಹಿಡಿದು, ನೆಲದಿಂದ ಅದರ ಮೇಲಂಚಿನವರೆಗೆ ಅಳೆಯಿರಿ. ಅದನ್ನು 0.883ರಿಂದ ಗುಣಿಸಿ. ಅಮೆರಿಕದ ಸವಾರ ಗ್ರೆಗ್ ಲೆಮಾಂಡ್ ಜನಪ್ರಿಯಗೊಳಿಸಿದ ಲೆಕ್ಕವಿದು. ಅಳತೆ 80 ಸೆಂ.ಮೀ. ಬಂದರೆ, ಪೆಡಲ್‌ಗಳ ಕ್ರ್ಯಾಂಕ್ ತಿರುಗುವ ಅಚ್ಚಿನ ನಡುವಿನಿಂದ ಸೀಟಿನ ನೆತ್ತಿಗೆ ಸುಮಾರು 70.6 ಸೆಂ.ಮೀ. ಇಲ್ಲಿಂದ ಶುರುಮಾಡಿ.

3. ಹತ್ತಿ ಕೂತು ಪರೀಕ್ಷಿಸಿ. ಪೆಡಲ್ ಕೆಳಗಿರುವಾಗ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು, ಸೊಂಟ ವಾಲಬಾರದು. ಮಂಡಿಯ ಮುಂದೆ ನೋವಿದ್ದರೆ ಸೀಟು ತಗ್ಗಾಗಿರಬಹುದು, ಹಿಂದೆ ನೋವಿದ್ದರೆ ಎತ್ತರವಾಗಿರಬಹುದು.

4. ಸೀಟಿನ ಮೇಲೆ ರಸಮಟ್ಟ ಇಟ್ಟು ಸಮ ಮಾಡಿ.

5. ಹ್ಯಾಂಡಲನ್ನು ಸೀಟಿನ ಮಟ್ಟದವರೆಗೆ ಏರಿಸಿ ನೋಡಿ. ಕಂಬದ ನೆತ್ತಿಯ ಬೋಲ್ಟನ್ನು ಎರಡು ಮೂರು ಸುತ್ತು ಮಾತ್ರ ಸಡಿಲಿಸಿ, ಮೇಲೆ ಮರದ ತುಂಡಿಟ್ಟು ಸುತ್ತಿಗೆಯಿಂದ ತಟ್ಟಿ. ಒಳಗೆ ಕಚ್ಚಿಕೊಂಡ ಬೆಣೆ ಬಿಡುತ್ತದೆ. ಕಂಬ ಒರೆಸಿ, ಗ್ರೀಸ್ ಸವರಿ, ಮತ್ತೆ ಬಿಗಿ ಮಾಡಿ.

6. ಬಿಗಿ ಮಾಡಿದ ಮೇಲೆ ಮುಂದಿನ ಚಕ್ರವನ್ನು ಮಂಡಿಗಳ ನಡುವೆ ಹಿಡಿದು ಹ್ಯಾಂಡಲ್ ತಿರುಚಿ ನೋಡಿ. ಜಾರಿದರೆ ರಸ್ತೆಗಿಳಿಯಬೇಡಿ. ಹ್ಯಾಂಡಲ್ ಏರಿಸಿದಾಗ ಬ್ರೇಕ್ ಕೇಬಲ್ ಎಳೆದುಕೊಂಡಿದ್ದರೆ ಉದ್ದದ ಕೇಬಲ್ ಹಾಕಿಸಿ.

7. ಈ ಮೊದಲ ಹೊಂದಿಕೆ ಮುಗಿದ ಮೇಲೆ, ಒಂದು ಸಲಕ್ಕೆ ಒಂದೇ ಬದಲಾವಣೆ, ಅದೂ 5 ಮಿ.ಮೀ. ಮಾತ್ರ. ಎರಡು ಮೂರು ದಿನ ಓಡಿಸಿದ ಮೇಲೆ ಮುಂದಿನದು.

ಮಾಡಬಾರದ್ದು

1. ಕಂಬದ ಮೇಲೆ ಕೊರೆದ ಗಡಿಗೆರೆ ಹೊರಗೆ ಕಾಣುವಷ್ಟು ಏರಿಸಲೇಬಾರದು. ಸೀಟಿಗೂ ಹ್ಯಾಂಡಲ್‌ಗೂ ಇದೇ ನಿಯಮ. ಗೆರೆ ಇಲ್ಲದ ತೀರಾ ಹಳೆಯ ಕಂಬವಾದರೆ ಕನಿಷ್ಠ 65 ಮಿ.ಮೀ. ಒಳಗೇ ಇರಲಿ. ಮೀರಿದರೆ ಓಡುತ್ತಿರುವಾಗಲೇ ಕಂಬ ಮುರಿದು ಹ್ಯಾಂಡಲ್ ಕೈಗೆ ಬರುತ್ತದೆ.

2. ಸೀಟಿನ ಮೂತಿ ಕೆಳಗೆ ಬಗ್ಗಿಸಿ ನೋವು ತಪ್ಪಿಸಿಕೊಳ್ಳಲು ಹೋಗಬೇಡಿ. ಮೈ ಮುಂದೆ ಜಾರಿ ಭಾರವೆಲ್ಲ ಅಂಗೈಗೆ ಬೀಳುತ್ತದೆ.

3. ಹ್ಯಾಂಡಲ್ ದೂರವಾಯಿತೆಂದು ಸೀಟನ್ನು ಮುಂದಕ್ಕೆ ತಳ್ಳಬೇಡಿ. ಸೀಟಿನ ಜಾಗ ಗೊತ್ತುಮಾಡುವುದು ಕಾಲು. ಕೈಗೆ ಎಟುಕದಿದ್ದರೆ ಗಿಡ್ಡ ಕೊಕ್ಕಿನ ಹ್ಯಾಂಡಲ್ ಕಂಬ ಹಾಕಿಸಿ. ಹ್ಯಾಂಡಲ್ ಕೊಳವೆಯ ದಪ್ಪ ಹಳೆಯ ಸೈಕಲ್‌ಗಳಲ್ಲಿ 25.4, 26.0, 26.4 ಮಿ.ಮೀ. ಹೀಗೆ ಬೇರೆಬೇರೆ. ಅಳೆಯದೆ ಕೊಳ್ಳಬೇಡಿ.

4. ಸೀಟಿನ ಕಂಬ ಅಲುಗದಿದ್ದರೆ ಬಡಿಯಬೇಡಿ. ಉಕ್ಕಿನ ಚೌಕಟ್ಟಿನೊಳಗೆ ಅಲ್ಯೂಮಿನಿಯಂ ಕಂಬ ಕಿಲುಬು ಹಿಡಿದು ಕೂತಿರುತ್ತದೆ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿಯಿಡೀ ಬಿಡಿ. ಆಗಲೂ ಬಿಡದಿದ್ದರೆ ಅನುಭವಿ ಮೆಕ್ಯಾನಿಕ್‌ಗೆ ಕೊಡಿ.

5. 27 ಇಂಚಿನ ಟೈರನ್ನು 700ಸಿ ರಿಮ್‌ಗೆ ಹಾಕಬೇಡಿ. ಟೈರು ರಿಮ್ ಮೇಲೆ ಕೂರುವ ವ್ಯಾಸ ಒಂದರದು 630 ಮಿ.ಮೀ., ಇನ್ನೊಂದರದು 622. ಕುಲುಕು ತಗ್ಗಲು ಅಗಲದ ಟೈರು ಒಳ್ಳೆಯದೇ, ಆದರೆ ಬ್ರೇಕಿಗೂ ಫೋರ್ಕಿಗೂ ತಾಗಬಾರದು.

6. ನೋವು ನುಂಗಿಕೊಂಡು ಓಡಿಸಬೇಡಿ.

ಕೊನೆಯದಾಗಿ, ಸೀಟಿನ ಮುಂದೆ ಕಾಲು ಅಗಲಿಸಿ ನೆಲದ ಮೇಲೆ ನಿಲ್ಲಿ. ಅಡ್ಡ ಕೊಳವೆ ಮೈಗೆ ಒತ್ತುತ್ತಿದ್ದರೆ ಆ ಚೌಕಟ್ಟು ನಿಮಗೆ ದೊಡ್ಡದು. ಯಾವ ಪಾನಾ ತಿರುವಿದರೂ ಚಿಕ್ಕದಾಗದು. ಅಂಥ ಸೈಕಲ್ ಎಷ್ಟೇ ಚೆಂದವಿರಲಿ, ಅದರ ಅಳತೆಗೆ ಒಪ್ಪುವವರಿಗೆ ಕೊಟ್ಟುಬಿಡಿ.