ಏಲಕ್ಕಿ ತೈಲ: ಭಟ್ಟಿಯನ್ನು ಎಷ್ಟು ಹೊತ್ತು ನಡೆಸಬೇಕು?

ಏಲಕ್ಕಿಯ ಸುಗಂಧ ತೈಲವು ಹಲವು ಪದಾರ್ಥಗಳ ಮಿಶ್ರಣವು. ಅವುಗಳಲ್ಲಿ ಮುಖ್ಯವಾದವು ಎರಡು. ಕರ್ಪೂರದಂತೆ ಮೂಗಿಗೆ ತಾಗುವ ಸಿನಿಯೋಲ್ ಸುಮಾರು 176 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕುದಿಯುವುದು. ಸವಿಯಾದ ಪರಿಮಳವನ್ನು ಕೊಡುವ ಟರ್ಪಿನೈಲ್ ಅಸಿಟೇಟ್ ಸುಮಾರು 220 ಡಿಗ್ರಿಯಲ್ಲಿ ಕುದಿಯುವುದು. ನೀರಾವಿಯ ಸಂಗಡ ಇವೆರಡೂ 100 ಡಿಗ್ರಿಗಿಂತ ಕೆಳಗೇ ಹೊರಡುವುವಾದರೂ, ಸಿನಿಯೋಲ್ ಬೇಗನೆಯೂ ಅಸಿಟೇಟ್ ನಿಧಾನವಾಗಿಯೂ ಇಳಿಯುವುವು.

ತೈಲದ ಹೆಚ್ಚು ಭಾಗವು ಮೊದಲಲ್ಲಿಯೇ ಇಳಿದುಬಿಡುವುದು. ಇಷ್ಟೇ ಸಾಕೆಂದು, ಸೌದೆಯ ಉಳಿತಾಯಕ್ಕಾಗಿ, ಒಲೆಯನ್ನು ಆರಿಸುವವರು ಬೆಲೆಯುಳ್ಳ ಸವಿ ಪರಿಮಳವನ್ನು ಕಾಳಿನಲ್ಲಿಯೇ ಬಿಟ್ಟು ನಷ್ಟಪಡುವರು. ಮಲಬಾರ್ ಜಾತಿಯ ಏಲಕ್ಕಿಯಲ್ಲಿ ಸಿನಿಯೋಲ್ ಹೆಚ್ಚು. ಮೈಸೂರು ಜಾತಿಯ ಹೆಚ್ಚಳವು ಅದರ ಸವಿಯಲ್ಲಿರುವುದರಿಂದ, ಅವಸರದಿಂದ ಕೆಡುವುದೂ ಅದೇ.

ಸಿಪ್ಪೆ ತೆಗೆದ ಕಾಳನ್ನು ಜಜ್ಜಿದೊಡನೆಯೇ ಭಟ್ಟಿಗೆ ಹಾಕತಕ್ಕದ್ದು. ನೀರಿನಲ್ಲಿ ಮುಳುಗಿಸಿ ಕುದಿಸಕೂಡದು. ಬಹಳ ಹೊತ್ತು ಕುದಿದರೆ ಅಸಿಟೇಟ್ ಒಡೆಯುವುದು. ಜಾಲರಿಯ ಮೇಲೆ ಹರಡಿ ಕೆಳಗಿನಿಂದ ಆವಿ ಹಾಯಿಸತಕ್ಕದ್ದು. ಅರ್ಧ ಗಂಟೆಗೊಮ್ಮೆ ಇಳಿದ ತೈಲವನ್ನು ಬೇರೆ ಬೇರೆ ಗಾಜಿನ ಪಾತ್ರೆಗಳಲ್ಲಿ ಹಿಡಿದು ಮೂಸಿದರೆ ಭೇದವು ತಾನೇ ತಿಳಿಯುವುದು. ಇಳಿಯುವ ನೀರಿನ ಮೇಲೆ ಎಣ್ಣೆಯು ಕಾಣದಂತಾದ ಮೇಲೆಯೇ ಒಲೆಯನ್ನಾರಿಸಿ, ಎಲ್ಲ ಭಾಗಗಳನ್ನೂ ಕೂಡಿಸತಕ್ಕದ್ದು.