ಆಪತ್ತು ಬರುವ ಮೊದಲೇ ಮನೆಯ ಸಿದ್ಧತೆ

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ ಎಂಬ ಗಾದೆ ನಮಗೆಲ್ಲ ಗೊತ್ತು. ಆದರೆ ಬೆಂಕಿ ಬೀಳುವ ಮೊದಲೇ ಬಾವಿ ತೋಡಿಟ್ಟ ಮನೆಗಳು ಎಷ್ಟಿವೆ?

“ನಮ್ಮದು ಮಳೆ ಕಾಣದ ಸೀಮೆ, ಇಲ್ಲಿಗೆ ನೆರೆ ಎಲ್ಲಿಂದ ಬಂದೀತು?” ಎನ್ನುವ ಮಾತು ಚಳ್ಳಕೆರೆ, ಮೊಳಕಾಲ್ಮೂರು ಭಾಗದಲ್ಲಿ ಸಾಮಾನ್ಯ. 1933ರಲ್ಲಿ ಕೋಡಿ ಬಿದ್ದಿದ್ದ ವಾಣಿವಿಲಾಸ ಸಾಗರ, 89 ವರ್ಷಗಳ ನಂತರ 2022ರ ಸೆಪ್ಟೆಂಬರ್‌ನಲ್ಲಿ ಮತ್ತೆ ಕೋಡಿ ಬಿತ್ತು. ಮೂರನೆಯ ಸಲಕ್ಕೆ ಹೆಚ್ಚು ಕಾಯಬೇಕಾಗಲಿಲ್ಲ. 2025ರ ಜನವರಿಯಲ್ಲೇ ಬಿತ್ತು. ಅಜ್ಜ ಕಾಣದ್ದನ್ನು ಮೊಮ್ಮಗ ಎರಡು ಸಲ ಕಂಡ. ಆಪತ್ತು ಹೇಳಿ ಬರುವುದಿಲ್ಲ.

ಕುದಾಪುರದಂತಹ ಊರುಗಳಿಂದ ಚಳ್ಳಕೆರೆಯ ತಾಲ್ಲೂಕು ಆಸ್ಪತ್ರೆಗಾಗಲಿ, ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಗಾಗಲಿ ಬರಲು ಸಮಯ ಬೇಕು. ಅಲ್ಲಿಯವರೆಗೆ ರೋಗಿಯ ಜೀವ ಮನೆಯವರ ಕೈಯಲ್ಲೇ ಇರುತ್ತದೆ.

ಈ ವಾರವೇ ಮಾಡಬೇಕಾದ ಕೆಲಸಗಳು

1. ಒಂದು ಚೀಲ ಸಿದ್ಧಮಾಡಿ ಬಾಗಿಲ ಬಳಿ ಗೂಟಕ್ಕೆ ತೂಗುಹಾಕಿ. ಅದರಲ್ಲಿ ಆಧಾರ್, ಪಡಿತರ ಚೀಟಿ, ಆರೋಗ್ಯ ಕಾರ್ಡುಗಳ ನಕಲು, ಆಸ್ಪತ್ರೆಯ ಹಳೆಯ ಚೀಟಿಗಳು, ಟಾರ್ಚು, ಶುಭ್ರವಾದ ಹತ್ತಿ ಬಟ್ಟೆ, ಓ.ಆರ್.ಎಸ್. ಪೊಟ್ಟಣ, ಸ್ವಲ್ಪ ಹಣ ಇರಲಿ.

2. ದಿನವೂ ನುಂಗುವ ಮಾತ್ರೆಗಳ ಹೆಸರು ಬರೆದಿಡಿ. ವೈದ್ಯರು ಕೇಳಿದಾಗ “ಒಂದು ಬಿಳಿ ಮಾತ್ರೆ, ಒಂದು ಕೆಂಪು ಮಾತ್ರೆ” ಎಂದರೆ ಚಿಕಿತ್ಸೆ ತಡವಾಗುತ್ತದೆ. ಖಾಲಿ ಪಟ್ಟಿಯನ್ನಾದರೂ ತನ್ನಿರಿ.

3. ಆಂಬ್ಯುಲೆನ್ಸ್ 108, ಪೊಲೀಸ್ ಮತ್ತು ಅಗ್ನಿಶಾಮಕ ಸೇರಿದಂತೆ ಎಲ್ಲ ತುರ್ತಿಗೆ 112, ಅಡುಗೆ ಅನಿಲ ಸೋರಿದರೆ 1906, ವಿದ್ಯುತ್ ತಂತಿ ಹರಿದು ಬಿದ್ದರೆ 1912. ಇವುಗಳ ಜೊತೆಗೆ ಊರಿನಲ್ಲಿ ವಾಹನವಿರುವ ಇಬ್ಬರ ನಂಬರನ್ನೂ ಗೋಡೆಯ ಮೇಲೆ ಬರೆಯಿರಿ. ಮೊಬೈಲಿನಲ್ಲಿ ಮಾತ್ರ ಇದ್ದರೆ ಚಾರ್ಜ್ ಮುಗಿದಾಗ ಪ್ರಯೋಜನವಿಲ್ಲ.

4. ಯಾರು ಫೋನ್ ಮಾಡಬೇಕು, ವಯಸ್ಸಾದವರನ್ನು ಯಾರು ಹೊರಗೆ ಕರೆತರಬೇಕು, ದನಗಳ ಹಗ್ಗ ಯಾರು ಬಿಚ್ಚಬೇಕು ಎಂದು ಮೊದಲೇ ಮಾತಾಡಿಕೊಳ್ಳಿ.

5. ಹಾವಿನ ವಿಷಕ್ಕೆ ಕೊಡುವ ಚುಚ್ಚುಮದ್ದು ಹತ್ತಿರದ ಯಾವ ಆಸ್ಪತ್ರೆಯಲ್ಲಿ ರಾತ್ರಿಯೂ ಸಿಗುತ್ತದೆ ಎಂದು ಆಶಾ ಕಾರ್ಯಕರ್ತೆಯರಲ್ಲಿ ಕೇಳಿ ತಿಳಿದಿರಿ.

ಹಾವು ಕಚ್ಚಿದರೆ

ಶೇಂಗಾ ಹೊಟ್ಟಿನ ಬಣವೆಗೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ. ಬಣವೆ, ಸೌದೆ, ಕಲ್ಲುಗುಡ್ಡೆ ಮನೆಯ ಗೋಡೆಗೆ ತಾಗಿರಬಾರದು. ಕಟ್ಟುಹಾವು ರಾತ್ರಿ ನೆಲದಲ್ಲಿ ಮಲಗಿದವರನ್ನು ಕಚ್ಚುತ್ತದೆ. ಗಾಯ ಕಾಣದಿರಬಹುದು, ನೋವೂ ಇರದು. ಬೆಳಗಿನ ಜಾವ ಹೊಟ್ಟೆನೋವು ಬಂದು, ಕಣ್ಣುರೆಪ್ಪೆ ಜೋತುಬಿದ್ದರೆ ಒಂದು ಕ್ಷಣವೂ ತಡಮಾಡಬೇಡಿ. ಮಂಚದ ಮೇಲೆ, ಸೊಳ್ಳೆಪರದೆ ಕಟ್ಟಿಕೊಂಡು ಮಲಗುವುದು ಉತ್ತಮ.

ಕಚ್ಚಿದಾಗ ಹಗ್ಗ ಬಿಗಿಯಬೇಡಿ, ಗಾಯ ಕೊಯ್ಯಬೇಡಿ, ಬಾಯಿಂದ ಹೀರಬೇಡಿ. ಬಳೆ, ಉಂಗುರ, ಕಾಲುಂಗುರ ತೆಗೆದು, ಕಚ್ಚಿದ ಕೈ ಅಥವಾ ಕಾಲು ಅಲುಗದಂತೆ ಮರದ ಪಟ್ಟಿ ಇಟ್ಟು ಸಡಿಲವಾಗಿ ಕಟ್ಟಿ. ರೋಗಿಯನ್ನು ನಡೆಸಬೇಡಿ. ಹಾವನ್ನು ಹುಡುಕಿ ಕೊಂದು ತರುವ ಅಗತ್ಯವಿಲ್ಲ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ನಾಲ್ಕಕ್ಕೂ ಒಂದೇ ಔಷಧ. ಮಂತ್ರ ಹಾಕಿಸಲು ಹೋದ ಒಂದು ಗಂಟೆ ಮತ್ತೆ ಸಿಗುವುದಿಲ್ಲ. ಇದರ ಗಂಭೀರತೆ ಅರಿತೇ ಕರ್ನಾಟಕ ಸರ್ಕಾರವು 2024ರಲ್ಲಿ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಬೇಕೆಂದು ಆದೇಶಿಸಿದೆ.

ಮಳೆ, ಸಿಡಿಲು, ಬಿಸಿಲು

ಜಡಿಮಳೆ ಹಿಡಿದಾಗ ಮಣ್ಣಿನ ಗೋಡೆ, ಮಾಳಿಗೆ ನೀರು ಕುಡಿದು ಭಾರವಾಗುತ್ತವೆ. ಗೋಡೆ ಉಬ್ಬಿದ್ದರೆ, ಬಿರುಕು ಬಿಟ್ಟಿದ್ದರೆ, ಮಾಳಿಗೆಯಿಂದ ಮಣ್ಣು ಉದುರುತ್ತಿದ್ದರೆ ಆ ರಾತ್ರಿ ಅಲ್ಲಿ ಮಲಗಬೇಡಿ. ಮಳೆ ನಿಂತ ಮಾತ್ರಕ್ಕೆ ಅಪಾಯ ಕಳೆಯಿತೆಂದು ತಿಳಿಯಬೇಡಿ.

ಗುಡುಗು ಕೇಳಿದೊಡನೆ ಹೊಲದಿಂದ ಮನೆಗೆ ಬನ್ನಿ. ಕುರಿ ಕಾಯುವವರು ಒಂಟಿ ಮರದ ಕೆಳಗೆ ನಿಲ್ಲಬಾರದು. ಸಿಡಿಲು ಬಡಿದವರ ಮೈಯಲ್ಲಿ ಕರೆಂಟು ಉಳಿದಿರುವುದಿಲ್ಲ, ಧೈರ್ಯವಾಗಿ ಮುಟ್ಟಬಹುದು. ಎಚ್ಚರವೂ ಉಸಿರೂ ಇಲ್ಲದಿದ್ದರೆ ಎದೆಯ ನಡುಭಾಗವನ್ನು ನಿಮಿಷಕ್ಕೆ 100ರಿಂದ 120 ಸಲ ಬಲವಾಗಿ ಒತ್ತುತ್ತಾ, ಇನ್ನೊಬ್ಬರಿಂದ 108ಕ್ಕೆ ಫೋನ್ ಮಾಡಿಸಿ.

ಬೇಸಿಗೆಯಲ್ಲಿ ಮೈ ಕಾದು, ಮಾತು ತಪ್ಪಿ, ತಲೆತಿರುಗಿ ಬಿದ್ದವರನ್ನು ನೆರಳಿಗೆ ಸಾಗಿಸಿ, ಮೈಯೆಲ್ಲ ನೀರಿನಿಂದ ಒದ್ದೆಮಾಡಿ ಗಾಳಿ ಬೀಸಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬೇಡಿ. ವಾಂತಿಭೇದಿಗೆ ಓ.ಆರ್.ಎಸ್. ಇಲ್ಲದಿದ್ದರೆ ಕಾಯಿಸಿ ಆರಿಸಿದ 1 ಲೀಟರ್ ನೀರಿಗೆ 6 ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು ಬೆರೆಸಿ ಕುಡಿಸಿ.

ಸುಟ್ಟಗಾಯ, ಕೀಟನಾಶಕ

ಸುಟ್ಟ ಜಾಗಕ್ಕೆ ತಣ್ಣೀರನ್ನು 20 ನಿಮಿಷ ಹರಿಸಿ. ಶಾಯಿ, ಪೇಸ್ಟು, ಎಣ್ಣೆ ಹಚ್ಚಬೇಡಿ. ಬೆಳೆಗೆ ಹೊಡೆಯುವ ಔಷಧ ಹೊಟ್ಟೆಗೆ ಹೋಗಿದ್ದರೆ ವಾಂತಿ ಮಾಡಿಸಬೇಡಿ. ಬಾಟಲಿಯ ಸಮೇತ ಆಸ್ಪತ್ರೆಗೆ ಬನ್ನಿ. ಅಂತಹ ಔಷಧಕ್ಕೆ ಬೀಗ ಹಾಕಿಡುವುದೇ ದೊಡ್ಡ ಮುನ್ನೆಚ್ಚರಿಕೆ.

ರೋಗಿಯ ಪಕ್ಕದಲ್ಲಿ ಕುಳಿತಿರುವ ಬಂಧುಗಳೇ, ಈಗ ನಿಮಗೆ ಸ್ವಲ್ಪ ಬಿಡುವಿದೆ. ದಾದಿಯವರಿಂದ ಪೆನ್ನು ಪಡೆದು, ಈ ಹಾಳೆಯ ಹಿಂಬದಿಯಲ್ಲಿ ನಿಮ್ಮ ರೋಗಿಯ ಮಾತ್ರೆಗಳ ಹೆಸರನ್ನು, ಬೇಕಾದ ಫೋನ್ ನಂಬರುಗಳನ್ನು ಬರೆಯಿರಿ. ಮನೆಗೆ ಹೋದ ದಿನವೇ ಅದು ಗೂಟದ ಚೀಲ ಸೇರಲಿ.